ತಂತಿಯಲ್ಲಿ ಸಾಗುವ ಸರಕು

ಮಂಗಳೂರಿನಿಂದ ಉಡುಪಿಯ ಮಾರ್ಗ ಹಿಡಿದು ಹೊರಟವರಿಗೆ ಕೂಳೂರಿನ ಸೇತುವೆ ದಾಟಿದ ಸ್ವಲ್ಪ ಹೊತ್ತಿನಲ್ಲೇ ಎಡಗಡೆಗೆ ಪಣಂಬೂರಿನ ಬಂದರು ಸಿಗುತ್ತದೆ. ಅಲ್ಲಿಂದ ಇನ್ನು ಕೆಲವು ಮೈಲಿ ಮುಂದುವರಿದರೆ ಸುರತ್ಕಲ್. ಅಲ್ಲಿ ಹೆದ್ದಾರಿಯ ಇಕ್ಕೆಲಗಳಲ್ಲಿಯೂ ಹರಡಿಕೊಂಡು, ಪಡುವಣ ಮೇರೆಯಲ್ಲಿ ಸಮುದ್ರದ ಮರಳನ್ನೇ ಮುಟ್ಟಿ ನಿಂತಿರುವುದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. ಹಳಬರ ಬಾಯಲ್ಲಿ ಅದು ಇಂದಿಗೂ ಕೆ.ಆರ್.ಇ.ಸಿ.ಯೇ. ಬಂದರು, ಕಾಲೇಜು ಎರಡೂ ಉಳ್ಳಾಲ ಶ್ರೀನಿವಾಸ ಮಲ್ಯರು ಈ ಜಿಲ್ಲೆಗಾಗಿ ದುಡಿದುದರ ಫಲಗಳೆಂಬುದನ್ನು ಇಲ್ಲಿನವರು ಮರೆತಿಲ್ಲ. 1960ರಲ್ಲಿ ಆರಂಭವಾದ ಕಾಲೇಜನ್ನು ಅವರು ಕಣ್ಣಾರೆ ಕಂಡರು. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ನವಮಂಗಳೂರು ಬಂದರನ್ನು ಕಾಣುವ ಯೋಗ, 1965ರಲ್ಲಿಯೇ ತೀರಿಕೊಂಡ ಅವರಿಗೆ ಇರಲಿಲ್ಲ.

ಬಂದರಿನ ಲೆಕ್ಕಕ್ಕೆ ಒಂದು ಕ್ರಮವುಂಟು. ಇಷ್ಟು ಹಡಗು ಬಂದವು, ಇಷ್ಟು ಟನ್ ಇಳಿಯಿತು ಎಂದು ಬರೆದಿಟ್ಟರೆ ಸಾಲದು. ಕಚ್ಚಾ ತೈಲವೆಷ್ಟು, ಅಡುಗೆ ಅನಿಲವೆಷ್ಟು, ಕಲ್ಲಿದ್ದಲೆಷ್ಟು, ಕಾಫಿಯೆಷ್ಟು ಎಂದು ಬಗೆಬಗೆಯಾಗಿ ವಿಂಗಡಿಸಿ ಬರೆಯಬೇಕು. ಒಟ್ಟು ತೂಕ ಏನನ್ನೂ ಹೇಳದಿರುವಾಗ ಈ ವಿಂಗಡಣೆಯೇ ನಾಡಿನ ಕಥೆಯನ್ನು ಹೇಳಿಬಿಡುತ್ತದೆ. ಕುದುರೆಮುಖದ ಕಬ್ಬಿಣದ ಅದಿರು ಒಂದು ಕಾಲಕ್ಕೆ ಈ ಬಂದರಿನ ಜೀವನಾಡಿಯೇ ಆಗಿತ್ತು; ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಗೆ ಅಲ್ಲಿನ ಗಣಿಗಾರಿಕೆ ನಿಂತಾಗ, ಘಟ್ಟದ ಮೇಲಿನ ಆ ಬದಲಾವಣೆ ಬಂದರಿನ ಕೋಷ್ಟಕದಲ್ಲಿಯೂ ಅಚ್ಚೊತ್ತಿತು.

ಇಂದು ಮಂಗಳೂರಿನ ಮನೆಮನೆಗೂ ಇನ್ನೊಂದು ಬಗೆಯ ಬಂದರು ಬಂದು ಕುಳಿತಿದೆ. ಗೋಡೆಯ ಮೂಲೆಯಲ್ಲಿ ಹಸಿರು ದೀಪಗಳನ್ನು ಮಿಣುಕಿಸುತ್ತ ಕೂರುವ ರೌಟರ್ ಎಂಬ ಪೆಟ್ಟಿಗೆಯೇ ಅದು. ಹಗಲಿರುಳೂ ಅದರ ಮೂಲಕ ಸರಕು ಏರುತ್ತದೆ, ಇಳಿಯುತ್ತದೆ. ತಿಂಗಳ ಕೊನೆಗೆ ಕಂಪೆನಿಯಿಂದ ಬರುವ ಬಿಲ್ಲಿನಲ್ಲಿ ಇಷ್ಟು ಗಿಗಾಬೈಟ್ ಎಂಬ ಒಂದೇ ಒಂದು ಅಂಕಿ ಇರುತ್ತದೆ. ಅದು ಯಾವ ಸರಕು? ಮಗಳ ಪಾಠವೋ, ಅಜ್ಜಿಯ ಯಕ್ಷಗಾನದ ವೀಡಿಯೋವೋ, ಯಾರೂ ಕೇಳದೆ ತನ್ನಷ್ಟಕ್ಕೆ ತಾನೇ ನಡೆಯುವ ಫೋಟೋ ದಾಸ್ತಾನೋ? ಬಿಲ್ಲು ಹೇಳುವುದಿಲ್ಲ. ಸಾಯಂಕಾಲ ಏಳು ಗಂಟೆಗೆ ಕುವೈತಿನಿಂದ ಮಗ ಮಾತಿಗೆ ಬಂದಾಗ ಅವನ ಮುಖ ಪರದೆಯ ಮೇಲೆ ಶಿಲೆಯಂತೆ ನಿಂತು, “ಅಮ್ಮ, ಕೇಳ್ತದಾ? ಅಮ್ಮ?” ಎಂಬ ಎರಡು ಪದಗಳಷ್ಟೇ ತುಂಡುತುಂಡಾಗಿ ಬಂದರೆ, ಮನೆಯವರಿಗೆ ತೋಚುವ ಪರಿಹಾರವೂ ಒಂದೇ: ಹೆಚ್ಚು ಹಣ ಕೊಟ್ಟು ಇನ್ನೂ ವೇಗದ ಸಂಪರ್ಕ ಕೊಳ್ಳುವುದು. ಅನೇಕ ವೇಳೆ ಅದು ವ್ಯರ್ಥವಾದ ಖರ್ಚು.

ಲಕೋಟೆಯ ಮೇಲಿನ ಬರಹ

ಜಾಲದಲ್ಲಿ ಸಾಗುವ ಯಾವುದೂ ಇಡಿಯಾಗಿ ಸಾಗುವುದಿಲ್ಲ. ಚಿತ್ರವಿರಲಿ, ಮಾತಿರಲಿ, ಬ್ಯಾಂಕಿನ ಲೆಕ್ಕವಿರಲಿ, ಎಲ್ಲವನ್ನೂ ಚಿಕ್ಕ ಚಿಕ್ಕ ಕಟ್ಟುಗಳಾಗಿ ಹರಿದು ಕಳುಹಿಸಲಾಗುತ್ತದೆ. ಇವಕ್ಕೆ ಪ್ಯಾಕೆಟ್ ಎಂದು ಹೆಸರು. ಸಾಮಾನ್ಯವಾಗಿ ಒಂದು ಪ್ಯಾಕೆಟ್ಟಿನ ಗಾತ್ರ ಹೆಚ್ಚೆಂದರೆ 1,500 ಬೈಟ್. ಪ್ರತಿಯೊಂದರ ತಲೆಯ ಮೇಲೂ ಅಂಚೆಯ ಲಕೋಟೆಯ ಮೇಲಿರುವಂತೆ ಕಳುಹಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ, ಅವುಗಳ ಜೊತೆಗೆ ಎರಡು ದ್ವಾರಸಂಖ್ಯೆಗಳು ಇರುತ್ತವೆ. ಇಂಗ್ಲಿಷಿನಲ್ಲಿ ಬಂದರಿಗೂ ಈ ದ್ವಾರಕ್ಕೂ ಪೋರ್ಟ್ ಎಂಬ ಒಂದೇ ಪದ. ಇಲ್ಲಿ ಮಾತ್ರ ಬಾಗಿಲೆಂದೇ ಅರ್ಥ. ಒಂದು ಕಂಪ್ಯೂಟರಿಗೆ ಇಂಥ ಬಾಗಿಲುಗಳು 65,536. 25ನೆಯದು ಅಂಚೆಗೆ, 53ನೆಯದು ಹೆಸರು ಕೇಳಿ ವಿಳಾಸ ಹೇಳುವ ಸೇವೆಗೆ, 80ನೆಯದು ಜಾಲತಾಣಗಳಿಗೆ, 443ನೆಯದು ಮುದ್ರೆಯೊತ್ತಿ ಭದ್ರಪಡಿಸಿದ ಜಾಲತಾಣಗಳಿಗೆ ಎಂದು ಸಂಪ್ರದಾಯ ಬೆಳೆದಿದೆ. ಈ ಪಟ್ಟಿಯನ್ನು ಬಹುಕಾಲ ಜೋಪಾನವಾಗಿ ಕಾಯ್ದು ಬಂದವರು 1998ರಲ್ಲಿ ತೀರಿಕೊಂಡ ಜಾನ್ ಪೋಸ್ಟೆಲ್.

ಹಾಗಾಗಿ ಮೊದಮೊದಲು ಸಂಚಾರವನ್ನು ವಿಂಗಡಿಸುವುದು ಸುಲಭದ ಕೆಲಸವಾಗಿತ್ತು. ಬಾಗಿಲಿನ ಸಂಖ್ಯೆ ಓದಿದರೆ ಸರಕಿನ ಜಾತಿ ತಿಳಿಯುತ್ತಿತ್ತು. 1988ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಲ್ಲಿ ವ್ಯಾನ್ ಜಾಕಬ್ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕ್ಯಾನ್ ಎಂಬ ಮೂವರು ಟಿ.ಸಿ.ಪಿ.ಡಂಪ್ ಎಂಬ ಸಣ್ಣ ತಂತ್ರಾಂಶವನ್ನು ಬರೆದರು. ತಂತಿಯಲ್ಲಿ ಹಾಯುವ ಒಂದೊಂದು ಪ್ಯಾಕೆಟ್ಟಿನ ತಲೆಬರಹವನ್ನೂ ಸಾಲುಸಾಲಾಗಿ ಬರೆದು ತೋರಿಸುವುದು ಅದರ ಕೆಲಸ. ಹತ್ತು ವರ್ಷಗಳ ಬಳಿಕ, 1998ರಲ್ಲಿ, ಅಮೆರಿಕದ ಕಾನ್ಸಾಸ್ ಸಿಟಿಯ ಜೆರಾಲ್ಡ್ ಕೂಂಬ್ಸ್ ಎಂಬಾತ ಇದನ್ನೇ ಕಿಟಕಿ, ಬಣ್ಣ, ಕೋಷ್ಟಕಗಳೊಡನೆ ತೋರಿಸುವ ಈಥೀರಿಯಲ್ ಎಂಬ ತಂತ್ರಾಂಶವನ್ನು ರಚಿಸಿ ಎಲ್ಲರಿಗೂ ಉಚಿತವಾಗಿ ಹಂಚಿದರು. 2006ರಲ್ಲಿ ಅವರು ಕೆಲಸ ಬದಲಿಸಿದಾಗ ಕೃತಿ ಜೊತೆಗೆ ಬಂತು, ಹೆಸರಿನ ಹಕ್ಕು ಹಳೆಯ ಧಣಿಗಳಲ್ಲೇ ಉಳಿಯಿತು. ಆಗ ಇಟ್ಟ ಹೊಸ ಹೆಸರೇ ವೈರ್‌ಶಾರ್ಕ್. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಜಾಲವಿದ್ಯೆ ಕಲಿಯುವ ಹುಡುಗ ಹುಡುಗಿಯರು ಇಂದು ಬೆರಳೂರುವುದು ಸಾಮಾನ್ಯವಾಗಿ ಇದರಲ್ಲೇ. ಅದರ ಒಂದು ಕೋಷ್ಟಕವನ್ನು ತೆರೆದರೆ, ಹಿಡಿದ ಪ್ಯಾಕೆಟ್ಟುಗಳಲ್ಲಿ ಯಾವ ಬಗೆಯದು ನೂರಕ್ಕೆ ಎಷ್ಟು ಎಂಬುದು ಬಂದರಿನ ಪಟ್ಟಿಯಂತೆಯೇ ಎದುರಿಗೆ ನಿಲ್ಲುತ್ತದೆ.

ಆದರೆ ವೈರ್‌ಶಾರ್ಕ್ ಇಟ್ಟುಕೊಂಡ ಒಂದು ಕಂಪ್ಯೂಟರ್ ಸಾಮಾನ್ಯವಾಗಿ ತನ್ನ ಸಂಚಾರವನ್ನಷ್ಟೇ ಕಾಣಬಲ್ಲುದು. ಮನೆಯಲ್ಲಿರುವ ಮೂರು ಫೋನು, ಒಂದು ದೂರದರ್ಶನ ಪೆಟ್ಟಿಗೆ, ಎರಡು ಲ್ಯಾಪ್‌ಟಾಪ್‌ಗಳೆಲ್ಲದರ ಲೆಕ್ಕ ಬೇಕಾದರೆ, ಎಲ್ಲವೂ ಹಾದುಹೋಗುವ ರೌಟರಿನ ಬಳಿಯಲ್ಲೇ ಕಾವಲು ಕೂರಬೇಕು. ಇಟಲಿಯ ಪೀಸಾದಲ್ಲಿ ಲೂಕಾ ದೇರಿ 1998ರಲ್ಲಿ ಆರಂಭಿಸಿದ ಎನ್‌ಟಾಪ್ ಎಂಬ ತಂತ್ರಾಂಶ ಇಂಥ ಕಾವಲುಗಾರ. ಅದು ಪ್ಯಾಕೆಟ್ಟುಗಳನ್ನು ಬಿಡಿಬಿಡಿಯಾಗಿ ಎಣಿಸುತ್ತ ಕೂರುವುದಿಲ್ಲ. ಎರಡು ವಿಳಾಸ, ಎರಡು ದ್ವಾರ, ಸಾಗಣೆಯ ನಿಯಮ, ಈ ಐದೂ ಒಂದೇ ಆಗಿರುವ ಪ್ಯಾಕೆಟ್ಟುಗಳನ್ನು ಒಂದು ‘ಹರಿವು’ ಎಂದು ಕೂಡಿಸಿ ಲೆಕ್ಕ ಹಿಡಿಯುತ್ತದೆ. ಹಿಂದಿನ ಟ್ರಂಕ್ ಕಾಲಿನ ಬಿಲ್ಲು ಇದ್ದವರಿಗೆ ಇದು ಬೇಗ ಅರ್ಥವಾದೀತು. ಯಾವ ಊರಿಗೆ, ಎಷ್ಟು ನಿಮಿಷ ಎಂಬುದು ಅದರಲ್ಲಿ ಇರುತ್ತಿತ್ತು. ಏನು ಮಾತಾಡಿದರೆಂಬುದು ಇರುತ್ತಿರಲಿಲ್ಲ.

ಇಂಥ ಲೆಕ್ಕದಿಂದ ಆಗುವ ಉಪಕಾರ ಸಣ್ಣದಲ್ಲ. ಬಿಜೈಯ ಒಂದು ಮನೆ. ಅಲ್ಲಿಂದ ಹೊರಕ್ಕೆ ಕಳುಹಿಸುವ ವೇಗ ಸೆಕೆಂಡಿಗೆ 4 ಮೆಗಾಬಿಟ್ ಎಂದು ಇಟ್ಟುಕೊಂಡರೆ, ಸಾಯಂಕಾಲದ ಪಟ್ಟಿಯ ತುತ್ತತುದಿಯಲ್ಲಿ ಕಾಣುವುದು ಮಗನ ಮುಖವೂ ಅಲ್ಲ, ಮಗಳ ಪಾಠವೂ ಅಲ್ಲ. ಮನೆಯಲ್ಲಿ ಮದುವೆ ಮುಗಿಸಿ ಬಂದವರ ಫೋನು ವೈಫೈ ಸಿಕ್ಕಿದ ಸಂಭ್ರಮದಲ್ಲಿ ಎಂಟುನೂರು ಫೋಟೋಗಳನ್ನು ದೂರದ ಉಗ್ರಾಣಕ್ಕೆ ಸಾಗಿಸುತ್ತಿರುತ್ತದೆ. ಅದನ್ನು ನಡುರಾತ್ರಿಯ ಮೇಲೆ ನಡೆಯುವಂತೆ ಹೇಳಿಟ್ಟರೆ ಕಾಸಿನ ಖರ್ಚಿಲ್ಲದೆ ಕುವೈತಿನ ಮಾತು ಸರಾಗವಾಗುತ್ತದೆ. ಬ್ಯಾಂಕಿನ ಶಾಖೆಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ, ಸಾವಿರಾರು ಹುಡುಗರಿರುವ ವಿದ್ಯಾರ್ಥಿನಿಲಯದಲ್ಲಾಗಲಿ ತತ್ತ್ವ ಇದೇ. ಮೊದಲು ನೋಡಬೇಕು, ಆಮೇಲೆ ಕೊಳ್ಳಬೇಕು.

ವೇಷ ಮರೆಸಿದ ಸರಕು

ಬಾಗಿಲು ನೋಡಿ ಜಾತಿ ಹೇಳುವ ಸುಖ ಬಹುದಿನ ಉಳಿಯಲಿಲ್ಲ. 1999ರಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು. 2001ರಲ್ಲಿ ಬಿಟ್‌ಟೊರೆಂಟ್ ಬಂತು. ವಿಶ್ವವಿದ್ಯಾಲಯಗಳ ಜಾಲಗಳು ಇವುಗಳ ಭಾರಕ್ಕೆ ಕುಸಿಯತೊಡಗಿದಾಗ ಮೇಲ್ವಿಚಾರಕರು ಆ ಬಾಗಿಲುಗಳಿಗೆ ಬೀಗ ಜಡಿದರು. ತಂತ್ರಾಂಶಗಳು ಬೇರೆ ಬಾಗಿಲು ಹುಡುಕಿದವು. 2003ರಲ್ಲಿ ಬಂದು 2025ರಲ್ಲಿ ಮುಚ್ಚಿಹೋದ ಸ್ಕೈಪ್ ಈ ವಿದ್ಯೆಯಲ್ಲಿ ಪರಿಣತನೆನಿಸಿತ್ತು. ಬೇರೆ ದಾರಿ ಕಟ್ಟಿದರೆ ಅದು 80ನೆಯ ಅಥವಾ 443ನೆಯ ಬಾಗಿಲಿನಿಂದ, ಜಾಲತಾಣದ ವೇಷದಲ್ಲಿ ನುಸುಳುತ್ತಿತ್ತು.

ಆಗ ಕಾವಲುಗಾರರು ಲಕೋಟೆಯನ್ನು ಬಿಟ್ಟು ಒಳಗಿನ ಕಾಗದಕ್ಕೆ ಕೈಹಾಕಿದರು. ಪ್ಯಾಕೆಟ್ಟಿನ ಹೊಟ್ಟೆಯೊಳಗಿನ ಅಕ್ಷರಗಳನ್ನೇ ಓದಿ, ಒಂದೊಂದು ತಂತ್ರಾಂಶಕ್ಕೂ ಇರುವ ವಿಶಿಷ್ಟ ಮಾತಿನ ಧಾಟಿಯನ್ನು ಗುರುತಿಸುವ ಈ ಕ್ರಮಕ್ಕೆ ಆಳದ ತಪಾಸಣೆ ಎನ್ನಬಹುದು. ಪೀಸಾದ ಎನ್‌ಟಾಪ್ ಬಳಗದ ಎನ್‌ಡಿಪಿಐ ಎಂಬ ಸಾಧನ ನೂರಾರು ಬಗೆಯ ಮಾತುಗಳನ್ನು ಹೀಗೆ ಗುರುತು ಹಿಡಿಯಬಲ್ಲುದು.

ಲಕೋಟೆ ಒಡೆಯುವವರಿದ್ದಾರೆಂದು ತಿಳಿದ ಮೇಲೆ ಜನ ಅರಗಿನ ಮುದ್ರೆ ಹಾಕುವುದೂ ಸಹಜವೇ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಸರ್ಕಾರ ನಡೆಸುತ್ತಿದ್ದ ಬೇಹುಗಾರಿಕೆಯನ್ನು ಬಯಲಿಗೆಳೆದ ಬಳಿಕ ಈ ಕಾರ್ಯ ಬಿರುಸಾಯಿತು. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಜಾಲತಾಣಗಳಿಗೆ ಬೇಕಾದ ಮುದ್ರೆಯ ಪ್ರಮಾಣಪತ್ರವನ್ನು ಪುಕ್ಕಟೆಯಾಗಿ ಕೊಡತೊಡಗಿತು. 2016ರ ಏಪ್ರಿಲಿನಲ್ಲಿ ವಾಟ್ಸಾಪ್ ತನ್ನೆಲ್ಲ ಮಾತುಕತೆಯನ್ನೂ ಆ ತುದಿಯಿಂದ ಈ ತುದಿಯವರೆಗೆ ಗುಪ್ತಲಿಪಿಗೆ ತಿರುಗಿಸಿತು. ಇಂದು ಜಾಲತಾಣಗಳ ಸಂಚಾರದ ಬಹುಭಾಗ 443ನೆಯ ಬಾಗಿಲಿನಿಂದಲೇ, ಮುದ್ರೆಯೊಡನೆಯೇ ಸಾಗುತ್ತದೆ. ಕಾವಲುಗಾರನ ಕಣ್ಣಿಗೆ ಎಲ್ಲವೂ ಒಂದೇ ಬಣ್ಣದ ಗೋಣಿಚೀಲ!

ಹಾಗೆಂದು ಆತ ಸೋತು ಕೈಕಟ್ಟಿ ಕುಳಿತಿಲ್ಲ. ಫೋನು ಒಂದು ಜಾಲತಾಣದ ಬಾಗಿಲು ತಟ್ಟುವಾಗ ಆಡುವ ಮೊದಲ ಮಾತಿನಲ್ಲಿ ಆ ತಾಣದ ಹೆಸರು ಸಾಮಾನ್ಯವಾಗಿ ಮುಚ್ಚುಮರೆಯಿಲ್ಲದೆ ಇರುತ್ತದೆ. ಅದನ್ನೂ ಮುಚ್ಚುವ ವಿಧಾನ ಬಂದಿದ್ದರೂ ಎಲ್ಲೆಡೆ ಬಳಕೆಗೆ ಬಂದಿಲ್ಲ. ಅದು ಬಿಟ್ಟರೆ ಉಳಿಯುವುದು ನಡೆ. ಕತ್ತಲಲ್ಲಿ ಮೆಟ್ಟಿಲ ಸದ್ದು ಕೇಳಿ ಬಂದವರು ಯಾರೆಂದು ಮನೆಯಾಕೆ ಹೇಳುವಂತೆ, ಪ್ಯಾಕೆಟ್ಟುಗಳ ಗಾತ್ರ ಮತ್ತು ಅಂತರಗಳಿಂದ ಸರಕಿನ ಬಗೆಯನ್ನು ಊಹಿಸಬಹುದು. ಮಾತಿನ ಸಂಚಾರವಾದರೆ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದರಂತೆ, ಎಂದರೆ ಸೆಕೆಂಡಿಗೆ 50, ಪುಟ್ಟ ಪುಟ್ಟ ಪ್ಯಾಕೆಟ್ಟುಗಳು ತಾಳ ತಪ್ಪದೆ ಹೋಗುತ್ತಿರುತ್ತವೆ. ಸಿನಿಮಾ ಆದರೆ ಕೆಲವು ಸೆಕೆಂಡುಗಳ ಸರಕು ಒಮ್ಮೆಲೇ ಭೋರೆಂದು ಬಂದು, ಮತ್ತೆ ಮೌನ, ಮತ್ತೆ ಭೋರು. ಫೋಟೋ ದಾಸ್ತಾನು ಮಳೆಗಾಲದ ಫಲ್ಗುಣಿಯಂತೆ ಒಂದೇ ಸಮನೆ ಹೊರಕ್ಕೆ ಹರಿಯುತ್ತದೆ. ಈ ನಡೆಗಳನ್ನು ಕಂಪ್ಯೂಟರಿಗೆ ಕಲಿಸಿ ಗುರುತಿಸುವುದು ಇಂದು ದೊಡ್ಡದೊಂದು ಸಂಶೋಧನಾ ಕ್ಷೇತ್ರವಾಗಿ ಬೆಳೆದಿದೆ.

ವಿಂಗಡಿಸುವವನು ಯಾರು?

ಇಷ್ಟು ದೂರ ಬಂದ ಮೇಲೆ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಮನೆಯೊಡೆಯ ತನ್ನ ಮನೆಯ ಸಂಚಾರವನ್ನು ವಿಂಗಡಿಸಿ ನೋಡುವುದು ಒಂದು ಮಾತು. ದಾರಿಯ ಒಡೆಯ ವಿಂಗಡಿಸಿ ನೋಡುವುದು ಇನ್ನೊಂದು ಮಾತು. ಸರಕಿನ ಜಾತಿ ತಿಳಿದವನು ಜಾತಿಗೊಂದು ಸುಂಕ ಕಟ್ಟಬಲ್ಲ. ಬೇಡವೆಂದದ್ದನ್ನು ತಡೆಯಲೂ ಬಲ್ಲ.

ಕರಾವಳಿಯವರಿಗೆ ಇದು ಪುಸ್ತಕದ ಬದನೆಕಾಯಿ ಅಲ್ಲ. ದುಬೈ, ಅಬುಧಾಬಿಗಳಲ್ಲಿ ದುಡಿಯುವ ಮಕ್ಕಳಿರುವ ಮನೆಗಳವರಿಗೆ ಗೊತ್ತು: ಅಲ್ಲಿಂದ ವಾಟ್ಸಾಪಿನಲ್ಲಿ ಅಕ್ಷರ ಬರುತ್ತಿತ್ತು, ಫೋಟೋ ಬರುತ್ತಿತ್ತು, ಮಾತು ಮಾತ್ರ ವರ್ಷಗಟ್ಟಲೆ ಬರುತ್ತಿರಲಿಲ್ಲ. ಒಂದೇ ಫೋನು, ಒಂದೇ ತಂತ್ರಾಂಶ, ಒಂದೇ ದಾರಿ. ಆದರೂ ಧ್ವನಿಯ ಪ್ಯಾಕೆಟ್ಟುಗಳನ್ನಷ್ಟೇ ಹೆಕ್ಕಿ ತಡೆಯಲಾಗುತ್ತಿತ್ತು. ಪರವಾನಗಿ ಪಡೆದ ಬೇರೆ ಸೇವೆಗಳ ಮೂಲಕ ಮಾತಾಡಬೇಕಾಗಿತ್ತು. ಸೌದಿ ಅರೇಬಿಯಾ ಇಂಥದೇ ತಡೆಯನ್ನು 2017ರ ಸೆಪ್ಟೆಂಬರಿನಲ್ಲಿ ಸಡಿಲಿಸಿತು. ಬಗೆಯರಿತು ವಿಂಗಡಿಸುವ ವಿದ್ಯೆಯ ಪೂರ್ಣ ಸ್ವರೂಪವನ್ನು ಕಾಣಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಸಂಚಾರ ದಟ್ಟಣೆಗೂ ಇದಕ್ಕೂ ಸಂಬಂಧವೇ ಇಲ್ಲ, ಏಕೆಂದರೆ ಮಾತು ಹಗುರವಾದ ಸರಕು.

ನಮ್ಮ ದೇಶದಲ್ಲಿಯೂ ಅಂಥ ಸುಂಕದ ಕಟ್ಟೆ ಏಳುವುದರಲ್ಲಿತ್ತು. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಕಂಪೆನಿ, ಅಂತರಜಾಲದ ಮೂಲಕ ಆಡುವ ಮಾತಿಗೆ ಬೇರೆಯದೇ ದರ ವಿಧಿಸುವುದಾಗಿ ಪ್ರಕಟಿಸಿತು. ಜನರ ಕೂಗಿಗೆ ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟಿತು. 2015ರ ಮಾರ್ಚಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಈ ವಿಷಯದಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಪತ್ರಗಳು ಬಂದು ಬಿದ್ದವು. ದೂರಸಂಪರ್ಕದಂಥ ಒಣ ವಿಷಯಕ್ಕೆ ಭಾರತೀಯರು ಅಷ್ಟು ಸಂಖ್ಯೆಯಲ್ಲಿ ಬಾಯಿ ತೆರೆದದ್ದು ಅಪೂರ್ವ ಸಂಗತಿಯೇ. ಸರಕಿನ ಬಗೆ ನೋಡಿ ದರ ವ್ಯತ್ಯಾಸ ಮಾಡಕೂಡದೆಂಬ ನಿಯಮ 2016ರ ಫೆಬ್ರವರಿ 8ರಂದು ಹೊರಬಿತ್ತು. ತಡೆಯುವುದು, ನಿಧಾನಗೊಳಿಸುವುದು, ಒಬ್ಬರಿಗೆ ಮಾತ್ರ ದಾರಿ ಬಿಟ್ಟುಕೊಡುವುದು ಕೂಡ ಸಲ್ಲದೆಂಬ ತತ್ತ್ವವನ್ನು 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ದಟ್ಟಣೆ ಹೆಚ್ಚಿದಾಗ ಸಮಂಜಸವಾದ ನಿರ್ವಹಣೆಗೆ ಮಾತ್ರ ಅವಕಾಶ ಉಳಿಯಿತು.

ಅದೇ ವೇಳೆಗೆ ಇನ್ನೊಂದು ತೀರ್ಪೂ ಬಂದಿತ್ತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಗೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರ ತಕರಾರು ಆಧಾರ್ ಯೋಜನೆಯನ್ನು ಕುರಿತದ್ದಾಗಿದ್ದರೂ ತೀರ್ಪಿನ ನೆರಳು ಅದನ್ನು ಮೀರಿ ಹರಡಿತು.

ಸರ್ಕಾರ, ಕಂಪೆನಿಗಳ ಮಾತು ಒತ್ತಟ್ಟಿಗಿರಲಿ. ಮನೆಯೊಳಗೂ ಈ ಪ್ರಶ್ನೆಯುಂಟು. ಎನ್‌ಟಾಪಿನಂಥ ಕಾವಲುಗಾರನನ್ನು ರೌಟರಿನ ಬಳಿ ಕೂರಿಸಿದ ತಂದೆಗೆ, ಯಾವ ಫೋನು ಯಾವ ಹೊತ್ತಿನಲ್ಲಿ ಯಾವ ತಾಣಕ್ಕೆ ಹೋಯಿತೆಂಬ ಪಟ್ಟಿಯೂ ಸಿಗುತ್ತದೆ. ವೈದ್ಯರನ್ನು ಹುಡುಕಿದ್ದು, ಕೆಲಸಕ್ಕೆ ಅರ್ಜಿ ಹಾಕಿದ್ದು, ಮನೆಯಲ್ಲಿ ಇನ್ನೂ ಹೇಳದ ಮದುವೆಯ ಯೋಚನೆ, ಎಲ್ಲದರ ನೆರಳೂ ಅದರಲ್ಲಿ ಬಿದ್ದಿರುತ್ತದೆ. ಮಾತು ಏಕೆ ತುಂಡಾಗುತ್ತದೆಂದು ನೋಡಲು ಹೊರಟವರು ರಾತ್ರಿಯೂಟದ ಎಲೆಯ ಮುಂದೆ ಆ ಪಟ್ಟಿ ಬಿಚ್ಚಿ ಕುಳಿತರೆ, ಆ ಮನೆಯ ಮಾತು ತುಂಡಾಗಲು ಬೇರೆ ಕಾರಣ ಬೇಕಾಗುವುದಿಲ್ಲ.

ಸುರತ್ಕಲ್ಲಿನಿಂದ ಹೊರಟ ಕೆಲವು ಸಾಲುಗಳು

ಬಗೆ ತಿಳಿಯದೆಯೇ ದಟ್ಟಣೆಯನ್ನು ಪರಿಹರಿಸಲು ಸಾಧ್ಯವೇ? ಸಾಧ್ಯವೆಂದು ತೋರಿಸಿದವರ ಸಾಲಿನಲ್ಲಿ ಮಂಗಳೂರಿಗೂ ಒಂದು ಸ್ಥಾನವಿದೆ. ಈ ಕಥೆಗೆ ತುಸು ಹಿನ್ನೆಲೆ ಬೇಕು.

1986ರ ಅಕ್ಟೋಬರಿನಲ್ಲಿ ಬರ್ಕ್ಲಿಯ ಪ್ರಯೋಗಶಾಲೆಗೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ನಡುವಿನ ನಾನೂರು ಗಜದ ದಾರಿಯಲ್ಲಿ ಜಾಲದ ವೇಗ ಸೆಕೆಂಡಿಗೆ 32,000 ಬಿಟ್ಟುಗಳಿಂದ ಏಕಾಏಕಿ 40 ಬಿಟ್ಟುಗಳಿಗೆ ಕುಸಿಯಿತು. ಎಲ್ಲರೂ ಒಟ್ಟಿಗೆ ನುಗ್ಗಿ, ಯಾರೂ ಮುಂದೆ ಸಾಗದ ಸ್ಥಿತಿ. ಮೇಲೆ ಹೇಳಿದ ವ್ಯಾನ್ ಜಾಕಬ್ಸನ್ ಅದಕ್ಕೆ ಪರಿಹಾರ ಹುಡುಕಿದರು. ಕಳುಹಿಸಿದ ಪ್ಯಾಕೆಟ್ಟು ಕಳೆದುಹೋಯಿತೆಂದರೆ ಮುಂದೆ ಇಕ್ಕಟ್ಟಿದೆಯೆಂದು ತಿಳಿದು, ಕಳುಹಿಸುವವನೇ ನಿಧಾನಿಸಬೇಕು. ಅಂತರಜಾಲ ಇಂದಿಗೂ ನಿಂತಿರುವುದು ಈ ಸೌಜನ್ಯದ ಮೇಲೆ.

ಕಾಲಕ್ರಮೇಣ ಸ್ಮೃತಿಕೋಶಗಳು ಅಗ್ಗವಾದವು. ರೌಟರ್ ತಯಾರಕರು ಒಂದು ಪ್ಯಾಕೆಟ್ಟೂ ಕಳೆಯದಿರಲೆಂದು ದೊಡ್ಡ ದೊಡ್ಡ ಉಗ್ರಾಣಗಳನ್ನು ಇಟ್ಟರು. ಒಳ್ಳೆಯ ಉದ್ದೇಶ, ಕೆಟ್ಟ ಪರಿಣಾಮ. ಪ್ಯಾಕೆಟ್ಟು ಕಳೆಯದಿದ್ದುದರಿಂದ ಕಳುಹಿಸುವವನಿಗೆ ಇಕ್ಕಟ್ಟಿನ ಸುದ್ದಿಯೇ ತಿಳಿಯಲಿಲ್ಲ. ಸರತಿಯ ಸಾಲು ಬೆಳೆಯುತ್ತಲೇ ಹೋಯಿತು. ಬಿಜೈಯ ಅದೇ ಮನೆಯ ರೌಟರಿನಲ್ಲಿ ಹತ್ತು ಲಕ್ಷ ಬೈಟುಗಳ ಫೋಟೋ ಸರತಿಯಲ್ಲಿ ನಿಂತಿದ್ದರೆ, ಸೆಕೆಂಡಿಗೆ 4 ಮೆಗಾಬಿಟ್ಟಿನ ದಾರಿಯಲ್ಲಿ ಅದು ಖಾಲಿಯಾಗಲು ಪೂರ್ತಿ ಎರಡು ಸೆಕೆಂಡು ಬೇಕು. ಅಮ್ಮನ “ಕೇಳ್ತದೆ ಮಗಾ” ಎಂಬ ಮಾತಿನ ಪುಟ್ಟ ಪ್ಯಾಕೆಟ್ಟು ಆ ಸಾಲಿನ ಬಾಲಕ್ಕೆ ನಿಂತು ಎರಡು ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಅತ್ತ ಮಗ ಮತ್ತೊಮ್ಮೆ ಕೇಳಿರುತ್ತಾನೆ. ಅಮೆರಿಕದ ಜಿಮ್ ಗೆಟ್ಟಿಸ್ ಎಂಬ ತಜ್ಞರು 2010ರಲ್ಲಿ ಸ್ವಂತ ಮನೆಯ ಸಂಪರ್ಕವನ್ನು ಪರೀಕ್ಷಿಸುತ್ತ ಈ ರೋಗವನ್ನು ಗುರುತಿಸಿದರು. ಅವರಿಟ್ಟ ಹೆಸರನ್ನು ಕನ್ನಡದಲ್ಲಿ ಸರತಿಯ ಬೊಜ್ಜು ಎಂದರೆ ತಪ್ಪಾಗಲಾರದು.

ಚಿಕಿತ್ಸೆಗಳು ಬೇಗನೆ ಬಂದವು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜಾಕಬ್ಸನ್ ಒಂದು ಕ್ರಮವನ್ನು ಸೂಚಿಸಿದರು. 2013ರಲ್ಲಿ ಸಿಸ್ಕೋ ಸಂಸ್ಥೆಯ ರೋಂಗ್ ಪಾನ್ ಮತ್ತು ಸಂಗಡಿಗರು ಪೈ ಎಂಬ ಇನ್ನೊಂದನ್ನು ಮುಂದಿಟ್ಟರು. ಪೈ ನೋಡುವುದು ಸಾಲಿನ ಉದ್ದವನ್ನಲ್ಲ, ಕಾಯುವ ಹೊತ್ತನ್ನು. ಕಾಯುವಿಕೆ 15 ಮಿಲಿಸೆಕೆಂಡಿನ ಆಸುಪಾಸು ಮೀರಿ ಬೆಳೆಯತೊಡಗಿದರೆ, ಅಲ್ಲೊಂದು ಇಲ್ಲೊಂದು ಪ್ಯಾಕೆಟ್ಟನ್ನು ಬೇಕೆಂದೇ ಕೈಬಿಡುತ್ತದೆ. ಆ ಸನ್ನೆ ತಿಳಿದು ಕಳುಹಿಸುವವನು ನಿಧಾನಿಸುತ್ತಾನೆ; ಕಳೆದದ್ದನ್ನು ಮತ್ತೆ ಕಳುಹಿಸುತ್ತಾನೆ. ಯಾವುದೂ ನಷ್ಟವಾಗುವುದಿಲ್ಲ, ಬೊಜ್ಜು ಮಾತ್ರ ಕರಗುತ್ತದೆ.

ಆದರೂ ಒಂದು ಅನ್ಯಾಯ ಉಳಿಯಿತು. ಸಾಲು ಚಿಕ್ಕದಾದರೂ ಒಂದೇ ಸಾಲು. ಕೂಳೂರಿನ ಸೇತುವೆಯ ಮೇಲೆ ಸಾಲುಗಟ್ಟಿದ ಬುಲೆಟ್ ಟ್ಯಾಂಕರುಗಳ ನಡುವೆ ಸಿಕ್ಕ ರಿಕ್ಷಾದ ಪಾಡು ಮಾತಿನ ಪ್ಯಾಕೆಟ್ಟಿಗೆ ತಪ್ಪಲಿಲ್ಲ. ಅದಕ್ಕೆ ಪರಿಹಾರ, ಹರಿವಿಗೊಂದರಂತೆ ಬೇರೆ ಬೇರೆ ಸಾಲು ಮಾಡಿ, ಪ್ರತಿ ಸಾಲಿನಿಂದಲೂ ಸರದಿಯಂತೆ ಬಿಡುವುದು. ಟ್ಯಾಂಕರುಗಳು ನೂರಿದ್ದರೂ ಅವು ಒಂದೇ ಕಡೆಯವಾದರೆ ಅವುಗಳಿಗೆ ಒಂದು ಸಾಲು. ಒಂಟಿ ರಿಕ್ಷಾಕ್ಕೂ ಒಂದು ಸಾಲು. ಪೈ ಕ್ರಮಕ್ಕೆ ಈ ನ್ಯಾಯವನ್ನು ಬೆಸೆದುದೇ ಎಫ್‌ಕ್ಯೂ-ಪೈ. ಕಲ್ಪನೆ ಸುರತ್ಕಲ್ಲಿನಲ್ಲಿ ಹುಟ್ಟಿದ್ದಲ್ಲ. ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಅದು ಮೊದಲೇ ಇತ್ತು. ಜಗತ್ತಿನ ಬಹುಪಾಲು ಸರ್ವರುಗಳನ್ನೂ, ಅಸಂಖ್ಯಾತ ರೌಟರುಗಳನ್ನೂ ನಡೆಸುವ ಲಿನಕ್ಸಿನಲ್ಲಿ ಮಾತ್ರ ಇರಲಿಲ್ಲ.

ಆ ಕೊರತೆಯನ್ನು ತುಂಬಿದವರು ಸುರತ್ಕಲ್ಲಿನ ಸಂಸ್ಥೆಯ ಪ್ರಾಧ್ಯಾಪಕ ಮೋಹಿತ್ ಪಿ. ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು. ಲಿನಕ್ಸಿನಲ್ಲಿ ಆ ಮುಂಚೆಯೇ ಇದ್ದ ಪೈ ಕ್ರಮವು 2017ರ ಅಂತರರಾಷ್ಟ್ರೀಯ ಪ್ರಮಾಣಪತ್ರಕ್ಕೆ ಸರಿಹೊಂದುವಂತೆ 2019ರಲ್ಲಿ ತಿದ್ದಿದ ಬಳಿಕ, ಅವರು ಎಫ್‌ಕ್ಯೂ-ಪೈಯನ್ನು ಬರೆದು ಒಪ್ಪಿಸಿದರು. ಲಿನಕ್ಸಿಗೆ ಒಂದು ಸಾಲು ಸೇರಿಸಬೇಕಾದರೂ ಜಗತ್ತಿನ ತಜ್ಞರೆದುರು ಬಹಿರಂಗವಾಗಿ ಪರೀಕ್ಷೆಗೆ ನಿಲ್ಲಬೇಕು. ಕಾಲೇಜಿನ ಹೆಸರು, ಪದವಿ ಯಾವುದೂ ಅಲ್ಲಿ ನಡೆಯದು. ಆ ಪರೀಕ್ಷೆಯಲ್ಲಿ ಗೆದ್ದ ಬರವಣಿಗೆ 2020ರ ಮಾರ್ಚ್ 29ರಂದು ಹೊರಬಂದ ಲಿನಕ್ಸಿನ 5.6ನೆಯ ಆವೃತ್ತಿಯೊಳಗೆ ಸೇರಿತು. ಕಡತದ ತಲೆಯಲ್ಲಿ ಸುರತ್ಕಲ್ಲಿನವರ ಹೆಸರುಗಳು ಇಂದಿಗೂ ಇವೆ.

ಆ ದಿನಾಂಕವನ್ನು ಒಮ್ಮೆ ಗಮನಿಸಬೇಕು. ನಾಲ್ಕು ದಿನ ಮೊದಲು, ಮಾರ್ಚ್ 25ರಂದು, ದೇಶವೆಲ್ಲ ಬಾಗಿಲು ಹಾಕಿಕೊಂಡಿತ್ತು. ಮನೆಯೇ ಕಚೇರಿಯಾಗಿ, ಮನೆಯೇ ಶಾಲೆಯಾಗಿ, ಒಂದೇ ರೌಟರಿನ ಮುಂದೆ ಇಡೀ ಕುಟುಂಬ ಸರತಿ ನಿಂತ ದಿನಗಳವು. ಇದು ಕಾಕತಾಳೀಯವೇ ಹೊರತು ಬೇರೇನಲ್ಲ.

ಈ ಕ್ರಮದ ಹೆಚ್ಚುಗಾರಿಕೆ ಅದು ಏನನ್ನು ಕೇಳುವುದಿಲ್ಲ ಎಂಬುದರಲ್ಲಿದೆ. ಅದು ಲಕೋಟೆ ಒಡೆಯುವುದಿಲ್ಲ, ಇದು ಸಿನಿಮಾವೋ ಪಾಠವೋ ಎಂದು ವಿಚಾರಿಸುವುದಿಲ್ಲ, ತಾಣದ ಹೆಸರು ಓದುವುದಿಲ್ಲ. ಮೇಲಿನ ವಿಳಾಸ ಮತ್ತು ದ್ವಾರಸಂಖ್ಯೆಗಳಿಂದ ಒಂದು ಗಣಿತದ ಸೂತ್ರದ ಮೂಲಕ ಸಾಮಾನ್ಯವಾಗಿ 1,024 ಸಾಲುಗಳಲ್ಲೊಂದಕ್ಕೆ ಹಾಕಿ, ಸರದಿ ಬಂದಾಗ ಬಿಡುತ್ತದೆ. ಹೊಸದಾಗಿ ಬಂದ, ಹಗುರವಾದ ಹರಿವಿಗೆ ಮೊದಲ ಅವಕಾಶ ಸಿಗುವುದರಿಂದ ಮಾತಿನ ಪ್ಯಾಕೆಟ್ಟು ತಾನಾಗಿಯೇ ಮುಂದೆ ಹೋಗುತ್ತದೆ. ಅದು ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ದಟ್ಟಣೆಯ ನೆಪ ಹೇಳಿ ಸರಕಿನ ಜಾತಿ ಕೇಳುವವರಿಗೆ ಇದು ಒಳ್ಳೆಯ ಉತ್ತರವೇ ಸರಿ. ಆದರೆ ವಿಂಗಡಿಸಿ ನೋಡುವ ಸಾಧನಗಳೇ ಬೇಡವೆಂದು ಇದರ ಅರ್ಥವಲ್ಲ. ಮನೆಗೆ ನುಗ್ಗಿದ ಕಳ್ಳ ತಂತ್ರಾಂಶವೊಂದು ಯಾವುದೋ ಅಪರಿಚಿತ ದೇಶಕ್ಕೆ ರಾತ್ರಿಯಿಡೀ ಸರಕು ಸಾಗಿಸುತ್ತಿದ್ದರೆ, ನ್ಯಾಯವಾದ ಸರತಿ ಅದಕ್ಕೂ ನ್ಯಾಯವಾಗಿ ದಾರಿ ಬಿಡುತ್ತದೆ. ಅದನ್ನು ಹಿಡಿದುಕೊಡುವುದು ವಿಂಗಡಣೆಯೇ.

ಲಿನಕ್ಸಿಗೆ ಸೇರಿದ ಮಾತ್ರಕ್ಕೆ ಈ ಕ್ರಮ ಮನೆಮನೆಯಲ್ಲಿ ಚಾಲನೆಯಲ್ಲಿದೆ ಎಂದೂ ಅಲ್ಲ. ಕಂಪೆನಿಗಳು ಹಂಚುವ ರೌಟರುಗಳಲ್ಲಿ ಹಳೆಯ ಆವೃತ್ತಿಗಳೇ ಹೆಚ್ಚು. ತಮ್ಮ ಪೆಟ್ಟಿಗೆಗೆ ಬೊಜ್ಜಿದೆಯೇ ಎಂದು ತಿಳಿಯಲು ಮನೆಯವರು ಮಾಡಬಹುದಾದ ಪರೀಕ್ಷೆ ಸುಲಭ. ಕಂಪ್ಯೂಟರಿನಲ್ಲಿ ಪಿಂಗ್ ಎಂಬ ಆಜ್ಞೆ ಕೊಟ್ಟು ಯಾವುದಾದರೊಂದು ತಾಣವನ್ನು ಕೂಗಿದರೆ, ಓಗೊಡಲು ಎಷ್ಟು ಮಿಲಿಸೆಕೆಂಡು ಹಿಡಿಯಿತೆಂದು ಅದು ಬರೆಯುತ್ತ ಹೋಗುತ್ತದೆ. ಮನೆಯ ಸಂಚಾರ ಶಾಂತವಾಗಿರುವಾಗ ಒಮ್ಮೆ ನೋಡಬೇಕು. ಬಳಿಕ ದೊಡ್ಡದೊಂದು ವೀಡಿಯೋವನ್ನು ಹೊರಗೆ ಕಳುಹಿಸಲು ಹಚ್ಚಿ ಮತ್ತೆ ನೋಡಬೇಕು. ಇಪ್ಪತ್ತು ಮೂವತ್ತಿದ್ದದ್ದು ಐನೂರು, ಸಾವಿರಕ್ಕೆ ಏರಿದರೆ ರೋಗ ಸರತಿಯದು. ಪಟ್ಟಿ ನೋಡಿ ಭಾರದ ಸರಕನ್ನು ರಾತ್ರಿಗೆ ತಳ್ಳಬೇಕು, ಇಲ್ಲವೇ ಸರತಿಯನ್ನು ಸರಿಯಾಗಿ ನಡೆಸುವ ರೌಟರನ್ನು ತರಬೇಕು. ಅಂಕಿ ಏರದೆಯೂ ಕೋಣೆಯೊಳಗೆ ಮಾತು ತುಂಡಾಗುತ್ತಿದ್ದರೆ ಮೊದಲು ಸಂಶಯಿಸಬೇಕಾದದ್ದು ಮಂಗಳೂರಿನ ಹಳೆಯ ಮನೆಗಳ ದಪ್ಪನೆಯ ಕೆಂಪುಕಲ್ಲಿನ ಗೋಡೆಯನ್ನು. ಅದಕ್ಕೆ ತಂತ್ರಾಂಶ ಬೇಕಿಲ್ಲ. ರೌಟರನ್ನು ಮೂಲೆಯಿಂದ ಎತ್ತಿ ಚಾವಡಿಯಲ್ಲಿಟ್ಟರೆ ಸಾಕು.